ಚುನಾವಣೆಯಿಲ್ಲದ ಪೀಠ

ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ 1978ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲು ಹೊರಟಾಗ, ಕರ್ನಾಟಕದ ಮಂತ್ರಿಮಂಡಲದಲ್ಲಿ ಉಪ ಮುಖ್ಯಮಂತ್ರಿ ಎಂಬೊಬ್ಬರು ಇರಲಿಲ್ಲ. ಸಂವಿಧಾನದಲ್ಲಿ ಆ ಪದ ಅಂದೂ ಇರಲಿಲ್ಲ, ಇಂದೂ ಇಲ್ಲ. 1989ರಲ್ಲಿ ದೇವಿಲಾಲರು ಉಪಪ್ರಧಾನಿಯೆಂದೇ ಹೇಳಿ ಪ್ರಮಾಣವಚನ ಸ್ವೀಕರಿಸಿದಾಗ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರೂ ಉಳಿದವರಂತೆ ಒಬ್ಬ ಮಂತ್ರಿಯೇ, ಹೆಸರಷ್ಟೇ ಬೇರೆ ಎಂದು 1990ರಲ್ಲಿ ತೀರ್ಪಾಯಿತು. ಜನ ಶಾಸಕನನ್ನು ಆರಿಸುತ್ತಾರೆ. ಈ ಪೀಠಕ್ಕೆ ಮಾತ್ರ ಮತಪೆಟ್ಟಿಗೆ ಇಟ್ಟವರಿಲ್ಲ.

ನಮ್ಮಲ್ಲಿ ಅದನ್ನು ಮೊದಲು ಏರಿದವರು ಎಸ್.ಎಂ. ಕೃಷ್ಣ. ವೀರಪ್ಪ ಮೊಯಿಲಿಯವರ ಸರ್ಕಾರದಲ್ಲಿ 1993ರಲ್ಲಿ ಆ ಪದವಿ ಅವರದಾಯಿತು. ವೈಟ್‌ಫೀಲ್ಡಿನ ಮಗ್ಗುಲಲ್ಲಿ ಸಿಂಗಪುರದ ಸಹಭಾಗಿತ್ವದ ಟೆಕ್ ಪಾರ್ಕ್ ಐಟಿಪಿಎಲ್ ರೂಪುಗೊಂಡದ್ದೂ ಅದೇ ಆಳ್ವಿಕೆಯ ದಿನಗಳಲ್ಲಿ, 1994ರಲ್ಲಿ. ಮುಂದೆ 1999ರಲ್ಲಿ ಮುಖ್ಯಮಂತ್ರಿಯಾದ ಕೃಷ್ಣ ಬೆಂಗಳೂರನ್ನು ಸಿಂಗಪುರ ಮಾಡುವ ಮಾತಾಡಿದರು. ಆ ಕನಸಿನ ಮೊದಲ ಗೋಡೆ ಎದ್ದದ್ದು ಹೊರವಲಯದಲ್ಲೇ ಎಂಬುದನ್ನು ನಗರದವರು ಮರೆಯಬಾರದು.

1994ರ ಡಿಸೆಂಬರಿನಲ್ಲಿ ಜನತಾದಳ 115 ಸ್ಥಾನ ಗೆದ್ದಿತು. ದೇವೇಗೌಡರು ಮುಖ್ಯಮಂತ್ರಿ, ಜೆ.ಎಚ್. ಪಟೇಲರು ಉಪ ಮುಖ್ಯಮಂತ್ರಿ. 1967ರಲ್ಲೇ ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದ್ದ ಸಮಾಜವಾದಿ ಪಟೇಲರಿಗೆ ಎರಡನೆಯ ಸ್ಥಾನ ಚಿಕ್ಕದೆನಿಸಿದ ಹಾಗೆ ಕಾಣಲಿಲ್ಲ. ಗೌಡರು ಪ್ರಧಾನಿಯಾಗಿ ದೆಹಲಿಗೆ ಹೊರಟಾಗ, 1996ರಲ್ಲಿ, ಪಟ್ಟ ತಾನಾಗಿ ಒಲಿದು ಬಂತು. ಹಿಂದಿನ ಪೀಠಕ್ಕೆ ಸಿದ್ದರಾಮಯ್ಯ ಬಂದರು, ಹಣಕಾಸು ಖಾತೆಯೊಂದಿಗೆ.

ನಿಜವಾದ ಜಗ್ಗಾಟ ಶುರುವಾದದ್ದು 2004ರಲ್ಲಿ. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58. ಯಾರಿಗೂ ಬಹುಮತವಿಲ್ಲದಾಗ ಎರಡನೆಯ ಪೀಠವೇ ಸಂಧಾನದ ನಾಣ್ಯವಾಯಿತು. ಕಾಂಗ್ರೆಸ್ಸಿನ ಧರ್ಮಸಿಂಗ್ ಮುಖ್ಯಮಂತ್ರಿ, ಜೆಡಿಎಸ್‌ನ ಸಿದ್ದರಾಮಯ್ಯ ಮತ್ತೆ ಉಪ ಮುಖ್ಯಮಂತ್ರಿ. ಮರುವರ್ಷ ಅವರು ಸಂಪುಟದಿಂದ ಹೊರಬಿದ್ದರು. ಆ ಜಾಗಕ್ಕೆ ಬಂದವರು ಹೂವಿನಹಡಗಲಿಯ ಎಂ.ಪಿ. ಪ್ರಕಾಶ್. ರಂಗಭೂಮಿಯ ನಂಟು ಬಿಡದ, ಹಂಪಿ ಉತ್ಸವಕ್ಕೆ ಜೀವ ತುಂಬಿದ, ಓದಿಕೊಂಡ ರಾಜಕಾರಣಿ. 2007ರವರೆಗೆ ಈ ಪೀಠದಲ್ಲಿ ಕುಳಿತ ಐವರಲ್ಲಿ ನಾಲ್ವರು ಮುಂದೆ ಮುಖ್ಯಮಂತ್ರಿಗಳಾದರು. ಪ್ರಕಾಶ್ ಒಬ್ಬರೇ ಆಗಲಿಲ್ಲ. ಅದು ನಾಡಿಗಾದ ನಷ್ಟವೆಂದು ನಾನು ಇಂದಿಗೂ ನಂಬಿದ್ದೇನೆ.

2006ರ ಫೆಬ್ರವರಿಯಲ್ಲಿ ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು, ಬಿಜೆಪಿಯ ಯಡಿಯೂರಪ್ಪ ಉಪ ಮುಖ್ಯಮಂತ್ರಿ. ತಲಾ 20 ತಿಂಗಳ ಒಪ್ಪಂದ. ಆ ವರ್ಷದ ಡಿಸೆಂಬರಿನಲ್ಲಿ ಚಾಮುಂಡೇಶ್ವರಿ ಉಪಚುನಾವಣೆ ಬಂತು. ಕಾಂಗ್ರೆಸ್ ಸೇರಿದ್ದ ಸಿದ್ದರಾಮಯ್ಯನವರ ವಿರುದ್ಧ ಇಡೀ ಸರ್ಕಾರವೇ ನಿಂತಿತ್ತು. ಪದವಿ ಕಳೆದುಕೊಂಡಿದ್ದ ಮಾಜಿ ಉಪ ಮುಖ್ಯಮಂತ್ರಿ ಗೆದ್ದದ್ದು 257 ಮತಗಳಿಂದ. ಪೀಠಕ್ಕಿಲ್ಲದ ಚುನಾವಣೆಯನ್ನು ಮತದಾರರೇ ಅಲ್ಲಿ ನಡೆಸಿಕೊಟ್ಟಂತಿತ್ತು. ಮರುವರ್ಷ ಅಕ್ಟೋಬರಿನಲ್ಲಿ ಅಧಿಕಾರ ಹಸ್ತಾಂತರವಾಗದೆ ಮೈತ್ರಿ ಮುರಿಯಿತು. ನವೆಂಬರಿನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾಗಿ ಏಳೇ ದಿನ ಉಳಿದರು.

ಅಷ್ಟರಲ್ಲಿ ಬೆಂಗಳೂರಿನ ಕ್ಷೇತ್ರಗಳ ಗಡಿಯೂ ಬದಲಾಯಿತು. ದೇಶದ ಬಹುದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲೊಂದಾಗಿದ್ದ ಉತ್ತರಹಳ್ಳಿ ನಕ್ಷೆಯಿಂದ ಅಳಿಯಿತು, ವರ್ತೂರೂ ಅಳಿಯಿತು. 2008ರ ಚುನಾವಣೆಗೆ ವೈಟ್‌ಫೀಲ್ಡ್ ಮಹದೇವಪುರಕ್ಕೆ ಸೇರಿತು, ಪೀಣ್ಯದ ಮತದಾರರು ದಾಸರಹಳ್ಳಿ ಕ್ಷೇತ್ರದವರಾದರು. ಉತ್ತರಹಳ್ಳಿಯಿಂದ ಗೆದ್ದುಬರುತ್ತಿದ್ದ ಆರ್. ಅಶೋಕ ಪದ್ಮನಾಭನಗರಕ್ಕೆ ಸರಿದರು. 2012ರ ಜುಲೈನಲ್ಲಿ ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾದಾಗ ಅಶೋಕ ಹಾಗೂ ಶಿವಮೊಗ್ಗದ ಈಶ್ವರಪ್ಪ ಇಬ್ಬರೂ ಒಟ್ಟಿಗೆ ಉಪ ಮುಖ್ಯಮಂತ್ರಿಗಳೆಂದು ಕರೆಸಿಕೊಂಡರು. ಅಂದಿನವರೆಗೆ ಒಬ್ಬರಿಗಿದ್ದ ಹೆಸರು ಆವತ್ತು ಇಬ್ಬರದಾಯಿತು.