ಹಳೆಯ ಮೋಟಾರು ವಾಹನಗಳ ಬಣ್ಣದ ಪದರಗಳು: ಒಂದು ಚಾರಿತ್ರಿಕ ಆಕರ

ಶಾಸನ, ನಾಣ್ಯ, ಕಡತಗಳು ಚರಿತ್ರೆಯ ಆಕರಗಳೆಂಬುದು ಸರ್ವವಿದಿತ. ಯಂತ್ರಯುಗದ ಚರಿತ್ರೆಯನ್ನು ಬರೆಯಹೊರಟವರಿಗೆ ಯಂತ್ರಗಳೂ ಆಕರಗಳೇ. ಹಳೆಯ ಮೋಟಾರು ವಾಹನವೊಂದನ್ನು ಜೀರ್ಣೋದ್ಧಾರ ಮಾಡುವಾಗ ಸಾಮಾನ್ಯವಾಗಿ ಮೊದಲು ನಡೆಯುವ ಕೆಲಸವೆಂದರೆ ಹಳೆಯ ಬಣ್ಣವನ್ನು ಲೋಹದವರೆಗೆ ಕೆರೆದು ತೆಗೆಯುವುದು. ಹೊಸ ಬಣ್ಣ ಭದ್ರವಾಗಿ ಹಿಡಿಯಲು ಇಂಥ ಸಿದ್ಧತೆ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆಕರವು ನಾಶವಾಗುವುದೂ ಈ ಘಟ್ಟದಲ್ಲಿಯೇ. ಆ ಪದರಗಳಿಂದ ಏನನ್ನು ತಿಳಿಯಬಹುದು, ಕೆರೆಯುವ ಮುನ್ನ ಏನನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಫೋರ್ಡ್ ಕಂಪನಿಯ ಟಿ ಮಾದರಿಯ ಕಾರನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮೀರಿದ ಸಂಖ್ಯೆಯಲ್ಲಿ ತಯಾರಾದ ಈ ಕಾರು ಸದಾ ಕಪ್ಪುಬಣ್ಣದ್ದೇ ಆಗಿತ್ತೆಂಬ ನಂಬಿಕೆ ಬಲವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಮೊದಲ ವರ್ಷಗಳಲ್ಲಿ ಬೂದು, ಕೆಂಪು, ಹಸಿರು ಬಣ್ಣದ ಕಾರುಗಳು ಹೊರಬಂದುವು. ಕಪ್ಪೊಂದೇ ನಿಯಮವಾಗಿದ್ದುದು 1914ರಿಂದ 1925ರವರೆಗೆ. 1926ರ ಮಾದರಿಗಳಲ್ಲಿ ಬೇರೆ ಬಣ್ಣಗಳು ಮರಳಿದುವು. ಆದಕಾರಣ 1910ರ ಕಾರೊಂದು ಇಂದು ಕಪ್ಪಾಗಿದ್ದರೆ ಅದರ ಮೂಲವರ್ಣವೂ ಕಪ್ಪೇ ಎಂದು ನಿರ್ಧರಿಸುವಂತಿಲ್ಲ. ಉತ್ತರವಿರುವುದು ಆ ಕಪ್ಪಿನ ಕೆಳಗೆ; ಕೆರೆದುಹಾಕಿದರೆ ಪ್ರಶ್ನೆಯಷ್ಟೇ ಉಳಿಯುವುದು.

ವರ್ಣದಷ್ಟೇ ಬಣ್ಣದ ದ್ರವ್ಯವೂ ಗಮನಾರ್ಹ. ಆರಂಭದ ಮೋಟಾರುಗಳಿಗೆ ಕುದುರೆಸಾರೋಟಿನ ಪದ್ಧತಿಯಂತೆ ಎಣ್ಣೆಬಣ್ಣ, ವಾರ್ನಿಷುಗಳನ್ನು ಕುಂಚದಿಂದ ಹಲವು ಲೇಪಗಳಾಗಿ ಬಳಿಯುತ್ತಿದ್ದರು. ಪ್ರತಿಯೊಂದು ಲೇಪವನ್ನೂ ಒಣಗಲು ಬಿಟ್ಟು, ಉಜ್ಜಿ, ಮತ್ತೆ ಬಳಿದು ಮುಗಿಸುವ ವೇಳೆಗೆ ವಾರಗಳೇ ಕಳೆಯುತ್ತಿದ್ದುವು. ಜೋಡಣೆಯ ಕೆಲಸ ಶೀಘ್ರವಾದಂತೆಲ್ಲ ಅನೇಕ ಕಾರ್ಖಾನೆಗಳಲ್ಲಿ ಬಣ್ಣವೇ ದೊಡ್ಡ ತಡೆಯಾಯಿತು. ಡ್ಯೂಪಾಂಟ್ ಮತ್ತು ಜನರಲ್ ಮೋಟರ್ಸ್ ಸಂಸ್ಥೆಗಳು ರೂಪಿಸಿದ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಈ ತೊಡಕನ್ನು ನಿವಾರಿಸಿತು. 1924ರ ಮಾದರಿಯ ಓಕ್‌ಲೆಂಡ್ ಕಾರುಗಳು ಈ ಹೊಸ ಲೇಪದ ನೀಲಿಬಣ್ಣದಲ್ಲಿ ಬಂದುವು. ಸ್ಪ್ರೇ ಗನ್ನಿನಿಂದ ಚಿಮ್ಮಿಸಬಹುದಾದ ಈ ಬಣ್ಣ ಬಹು ಬೇಗ ಒಣಗುತ್ತಿತ್ತು. ಅಗ್ಗದ ಕಾರುಗಳಿಗೂ ನಾನಾ ಬಣ್ಣಗಳು ಸಾಧ್ಯವಾದುವು. ‘ಡ್ಯೂಕೋ’ ಎಂಬ ಹೆಸರು ನಮ್ಮ ನಾಡಿನ ಬಣ್ಣಗಾರರ ಮಾತಿನಲ್ಲಿಯೂ ಸೇರಿಹೋಗಿದೆ. ಆದ್ದರಿಂದ 1915ರ ಕಾರಿನ ಮೇಲೆ ಈ ಲ್ಯಾಕರಿನ ಪದರ ದೊರೆತರೆ, ಅದು ಮರುಬಣ್ಣವೆಂದು ನಿಸ್ಸಂಶಯವಾಗಿ ಹೇಳಬಹುದು.

ತಗಡಿನ ದುರಸ್ತಿಯೂ ತನ್ನ ಕಾಲವನ್ನು ಸೂಚಿಸುತ್ತದೆ. ನಗ್ಗಿದ ತಗಡಿನ ಒಂದು ಬದಿಗೆ ಕಬ್ಬಿಣದ ಗಟ್ಟಿಯನ್ನು ಆನಿಸಿ, ಇನ್ನೊಂದು ಬದಿಯಿಂದ ಸುತ್ತಿಗೆಯಲ್ಲಿ ಬಡಿದು ಸಮಮಾಡಿ, ಉಳಿದ ತಗ್ಗಿಗೆ ಸೀಸ-ತವರಗಳ ಮಿಶ್ರಲೋಹವನ್ನು ಕಾಯಿಸಿ ತುಂಬುವುದು ಹಿಂದಿನ ಕ್ರಮ. ಪಾಲಿಯೆಸ್ಟರ್ ಪುಟ್ಟಿ ಬಳಕೆಗೆ ಬಂದುದು 1950ರ ದಶಕದಿಂದೀಚೆಗೆ. ಅಯಸ್ಕಾಂತವು ಈ ಎರಡರ ದಪ್ಪ ಲೇಪದ ಮೇಲೂ ಸರಿಯಾಗಿ ಹಿಡಿಯದು. ಎಂದರೆ ಅಯಸ್ಕಾಂತದಿಂದ ದುರಸ್ತಿಯ ಸ್ಥಳ ತಿಳಿಯುವುದು. ಅದರ ಕಾಲ ತಿಳಿಯಬೇಕಾದರೆ ತುಂಬಿದ ದ್ರವ್ಯವನ್ನೇ ನೋಡಬೇಕು.

ಪರೀಕ್ಷೆಯ ಕ್ರಮ ಉತ್ಖನನವನ್ನು ಹೋಲುತ್ತದೆ. ಆಸನದ ಕೆಳಭಾಗ, ಬಾಗಿಲಿನ ಕೀಲಿನ ಮರೆ ಮೊದಲಾದ, ಬಿಸಿಲು ತಾಗದ ಎಡೆಗಳನ್ನು ಆಯ್ದು, ನಯವಾದ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ ಸಣ್ಣ ವೃತ್ತವಾಗಿ ಉಜ್ಜಿದರೆ ಪದರಗಳು ಒಂದರೊಳಗೊಂದು ಬಳೆಗಳಂತೆ ತೋರುತ್ತವೆ. ಹಳೆಯ ಬಣ್ಣಗಳಲ್ಲಿ ಸೀಸವಿರುವುದರಿಂದ ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸುವುದು ಅಪಾಯಕರ. ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಪ್ರೈಮರ್, ನಡುಲೇಪ, ಮೇಲ್ಬಣ್ಣಗಳು ಒಂದೇ ಸಲದ ಕೆಲಸವಾಗಿರಬಹುದಾದ್ದರಿಂದ ಪದರಗಳ ಎಣಿಕೆ ಮರುಬಣ್ಣಗಳ ಎಣಿಕೆಯಲ್ಲ. ಎರಡು ಪದರಗಳ ನಡುವೆ ಸಿಕ್ಕಿಕೊಂಡ ಕೊಳೆಯ ಗೆರೆಯಿದ್ದರೆ ಮಾತ್ರ ನಡುವೆ ವಾಹನ ಓಡಾಡಿತ್ತೆಂದು ಊಹಿಸಲು ಆಧಾರವುಂಟು. ಎರಡನೆಯದಾಗಿ, ಬಾಗಿಲು, ಮಡ್‌ಗಾರ್ಡುಗಳು ಬೇರೊಂದು ಕಾರಿನಿಂದ ಬಂದಿರಬಹುದು. ಆದ್ದರಿಂದ ಒಂದೆಡೆಯ ಪರೀಕ್ಷೆಯಿಂದ ಇಡೀ ವಾಹನದ ಚರಿತ್ರೆಯನ್ನು ಕಟ್ಟಲಾಗದು.

ತುಕ್ಕನ್ನು ಹಾಗೆಯೇ ಬಿಟ್ಟರೆ ಆಕರದೊಡನೆ ವಾಹನವೂ ಅಳಿಯುವುದೆಂಬ ಕುಶಲಕರ್ಮಿಗಳ ಆಕ್ಷೇಪಣೆ ನ್ಯಾಯವಾದುದು. ತುಕ್ಕು ಹಿಡಿದ ಭಾಗವನ್ನು ಶುದ್ಧಿಮಾಡಲೇಬೇಕು. ಆದರೆ ಗಟ್ಟಿಯಾಗಿರುವ ಹಳೆಯ ಬಣ್ಣಕ್ಕೆ ಈ ವಾದ ಅನ್ವಯಿಸದು. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಸಹ ವಾಹನದ ಚಾರಿತ್ರಿಕ ದ್ರವ್ಯವನ್ನು ಸಾಧ್ಯವಾದಷ್ಟು ಉಳಿಸಬೇಕೆಂದೂ, ಮಾಡಿದ ಕೆಲಸವನ್ನು ದಾಖಲಿಸಬೇಕೆಂದೂ ವಿಧಿಸುತ್ತದೆ. ಪೂರ್ಣವಾಗಿ ಮರುಬಣ್ಣ ಮಾಡಲೇಬೇಕಾದಲ್ಲಿ ಛಾಯಾಚಿತ್ರಗಳನ್ನು ತೆಗೆದು, ಪದರಗಳ ಕ್ರಮವನ್ನು ಬರೆದಿಟ್ಟು, ಮರೆಯಾದ ಎಡೆಯಲ್ಲಿ ಅಂಗೈಯಗಲದಷ್ಟಾದರೂ ಹಳೆಯ ಮೇಲ್ಮೈಯನ್ನು ಮುಟ್ಟದೆ ಬಿಡುವುದು ಯುಕ್ತ. ಶಾಸನದ ಪಡಿಯಚ್ಚು ತೆಗೆಯುವವರು ಕಲ್ಲಿನ ವಿಷಯದಲ್ಲಿ ತೋರುವ ಜಾಗರೂಕತೆ ಈ ತಗಡಿಗೂ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.