ಪೆಟ್ಟಿಗೆಯ ಮೇಲಿಲ್ಲದ ಹೆಸರು

ಕತೆ ಬರೆಯುವ ನಾವು ಪತ್ರಿಕೆ ಕೈಗೆ ಬಂದ ಕೂಡಲೇ ಮೊದಲು ಹುಡುಕುವುದು ನಮ್ಮ ಹೆಸರನ್ನು. ಇದನ್ನು ಜಂಬವೆಂದು ಕರೆಯುವವರು ಕರೆಯಲಿ. ದುಡಿದವನಿಗೆ ಕೂಲಿ ಎಷ್ಟು ಮುಖ್ಯವೋ ಹೆಸರೂ ಅಷ್ಟೇ ಮುಖ್ಯ. ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್‌ಗಳ ಆರಂಭದ ಚರಿತ್ರೆಯನ್ನು ಓದಿದರೆ, ಅಲ್ಲಿ ನಡೆದ ದೊಡ್ಡ ಜಗಳವೂ ಇದೇ ಎಂದು ಗೊತ್ತಾಗುತ್ತದೆ.

ಕ್ಯಾಲಿಫೋರ್ನಿಯಾದ ಅಟಾರಿ ಕಂಪೆನಿ 1977ರಲ್ಲಿ ಮನೆಬಳಕೆಯ ಆಟದ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಬೆಲೆ 199 ಡಾಲರ್. ಮುಂದೆ ಇದೇ ಯಂತ್ರ 'ಅಟಾರಿ 2600' ಎಂದು ಹೆಸರಾಯಿತು. ಕಾರ್ಟ್ರಿಜ್ ಬದಲಿಸಿದರೆ ಆಟವೂ ಬದಲಾಗುತ್ತಿತ್ತು. ಹೊರಗಿನಿಂದ ನೋಡಲು ಠೀವಿ, ಒಳಗೆ ಮಾತ್ರ ಕಡುಬಡತನ. ಅದರ ಕೆಲಸದ ಮೆಮೊರಿ ಕೇವಲ 128 ಬೈಟ್. ಇಂದಿನ ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಒಂದು ಸಾಧಾರಣ ವಾಕ್ಯವೂ ಅಷ್ಟರಲ್ಲಿ ಹಿಡಿಯದು! ಪರದೆಯ ಇಡೀ ಚಿತ್ರವನ್ನು ಇಟ್ಟುಕೊಳ್ಳಲು ಅಲ್ಲಿ ಜಾಗವೇ ಇರಲಿಲ್ಲ. ಟಿವಿಯೊಳಗಿನ ಕಿರಣ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತಾ ಹೋಗುವಾಗ, ಅದರ ಜೊತೆಜೊತೆಗೇ ಓಡುತ್ತಾ ಪ್ರತಿ ಗೆರೆಯಲ್ಲೂ ಏನಿರಬೇಕೆಂದು ಪ್ರೋಗ್ರಾಂ ಹೇಳುತ್ತಿರಬೇಕಿತ್ತು. ಆಟದ ಕಲ್ಪನೆ, ಚಿತ್ರ, ಸದ್ದು, ಪ್ರೋಗ್ರಾಂ ಎಲ್ಲವೂ ಹೆಚ್ಚಾಗಿ ಒಬ್ಬನೇ ವ್ಯಕ್ತಿಯ ಕೆಲಸ. ನಾವು ಕತೆಗಾರರು ಒಂಟಿಯಾಗಿ ಕೂತು ಬರೆಯುವಂತೆಯೇ.

1976ರಲ್ಲಿ ಅಟಾರಿಯನ್ನು ವಾರ್ನರ್ ಕಂಪೆನಿ ಕೊಂಡುಕೊಂಡಿತ್ತು. ಜವಳಿ ಉದ್ಯಮದಿಂದ ಬಂದ ರೇ ಕಸ್ಸಾರ್ 1978ರಲ್ಲಿ ಅಟಾರಿಯ ಮುಖ್ಯಸ್ಥರಾದರು. ಕೋಟಿಗಟ್ಟಲೆ ಡಾಲರ್ ದುಡಿದುಕೊಟ್ಟ ಆಟಗಳ ಮೇಲೆ ಅವನ್ನು ಮಾಡಿದವರ ಹೆಸರಿರಲಿಲ್ಲ, ಮಾರಾಟದಲ್ಲಿ ಪಾಲೂ ಇರಲಿಲ್ಲ. ಡೇವಿಡ್ ಕ್ರೇನ್, ಲ್ಯಾರಿ ಕಪ್ಲಾನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್ ಎಂಬ ನಾಲ್ವರು ಇವೆರಡನ್ನೂ ಕೇಳಿದರು. ಕಸ್ಸಾರ್ ತಮ್ಮನ್ನು ಟವೆಲ್ ವಿನ್ಯಾಸ ಮಾಡುವವರಿಗೆ ಹೋಲಿಸಿದರೆಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಮಗ್ಗದ ಮುಂದೆ ಕೂತವರನ್ನು ಬಲ್ಲ ನಮಗೆ ಇದರಲ್ಲಿ ಎರಡು ಅವಮಾನಗಳು ಕಾಣುತ್ತವೆ. ಟವೆಲ್ ಮಾಡುವವನಿಗೇನು ಹೆಸರು ಬೇಡವೇ?

ಅದೇ ಕಂಪೆನಿಯಲ್ಲಿದ್ದ ವಾರನ್ ರಾಬಿನೆಟ್ ಜಗಳವಾಡಲಿಲ್ಲ. ತಾನು ಮಾಡುತ್ತಿದ್ದ 'ಅಡ್ವೆಂಚರ್' ಆಟದೊಳಗೆ ಯಾರಿಗೂ ತಿಳಿಸದೆ ಒಂದು ಗುಪ್ತ ಕೋಣೆ ಕಟ್ಟಿದರು. ಕಣ್ಣಿಗೆ ಬೀಳದಂಥ ಬೂದುಬಣ್ಣದ ಚುಕ್ಕೆಯೊಂದನ್ನು ಹುಡುಕಿ ತಂದವರಿಗೆ ಮಾತ್ರ ಅದರೊಳಗೆ ಪ್ರವೇಶ. ಇದನ್ನು ರಚಿಸಿದವನು ವಾರನ್ ರಾಬಿನೆಟ್ ಎಂದು ಅಲ್ಲಿ ಬರೆದಿತ್ತು. ಆಟವಾಡುತ್ತಿದ್ದ ಹುಡುಗನೊಬ್ಬ ಅದನ್ನು ಕಂಡು ಕಂಪೆನಿಗೆ ಕಾಗದ ಬರೆದಾಗ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಹೀಗೆ ಬಚ್ಚಿಟ್ಟ ಸಂಗತಿಗಳಿಗೆ 'ಈಸ್ಟರ್ ಎಗ್' ಎಂಬ ಹೆಸರು ಅಲ್ಲಿಂದಲೇ ಬಂತು.

ಆ ನಾಲ್ವರು 1979ರಲ್ಲಿ ಹೊರಬಂದು, ಜಿಮ್ ಲೆವಿ ಎಂಬವರೊಂದಿಗೆ 'ಆಕ್ಟಿವಿಷನ್' ಕಟ್ಟಿದರು. ಅಟಾರಿಯ ಯಂತ್ರಕ್ಕೆ ಹೊರಗಿನವರು ಆಟ ಮಾಡಿ ಮಾರಿದ್ದು ಅದೇ ಮೊದಲು. ಅಟಾರಿ ಕೋರ್ಟಿಗೆ ಹೋಯಿತು, 1982ರಲ್ಲಿ ರಾಜಿಯಾಯಿತು. ಆಕ್ಟಿವಿಷನ್‌ನ ಆಟಗಳು ರಚಿಸಿದವರ ಹೆಸರಿನೊಂದಿಗೇ ಬಂದವು. 1982ರಲ್ಲಿ ಕ್ರೇನ್ ಅವರ 'ಪಿಟ್‌ಫಾಲ್' ಬಂತು, ಅದರ ಲಕ್ಷಗಟ್ಟಲೆ ಪ್ರತಿಗಳು ಖರ್ಚಾದವು. ಅದೇ ವರ್ಷ 'ರಿವರ್ ರೇಡ್' ಮಾಡಿದವರು ಕ್ಯಾರಲ್ ಶಾ. ಗಂಡಸರೇ ತುಂಬಿದ್ದ ಈ ಕಸುಬಿನಲ್ಲಿ ಹೆಣ್ಣೊಬ್ಬಳ ಹೆಸರು ಹೀಗೆ ಬೆಳಕಿಗೆ ಬಂದದ್ದನ್ನು ನಾವು ಸಣ್ಣ ಸಂಗತಿ ಎನ್ನಲಾರೆವು.

ಬಾಗಿಲು ತೆರೆದ ಮೇಲೆ ಕಸುಬು ಗೊತ್ತಿಲ್ಲದವರೂ ಒಳನುಗ್ಗಿದರು. ಅಂಗಡಿಗಳಲ್ಲಿ ಕಳಪೆ ಆಟಗಳು ರಾಶಿಬಿದ್ದವು. ಸ್ಪಿಲ್‌ಬರ್ಗ್‌ರ 'ಇ.ಟಿ.' ಸಿನಿಮಾವನ್ನು ಆಟವಾಗಿಸಲು ಅಟಾರಿ ಕೋಟಿಗಟ್ಟಲೆ ಡಾಲರ್ ಸುರಿಯಿತು. ಆದರೆ ಅದನ್ನು ಮಾಡಬೇಕಿದ್ದ ಹೊವರ್ಡ್ ಸ್ಕಾಟ್ ವಾರ್ಷಾಗೆ ಸಿಕ್ಕಿದ್ದು ಬರೀ ಐದು ವಾರ. ಅದಕ್ಕೂ ಮೊದಲು ಆಟವೊಂದಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. 1982ರ ಕ್ರಿಸ್‌ಮಸ್‌ಗೆ ಸರಿಯಾಗಿ ಮಾರುಕಟ್ಟೆಗೆ ಬರಲೇಬೇಕೆಂಬುದು ಧಣಿಗಳ ಹಟ. ಲಕ್ಷಾಂತರ ಪ್ರತಿಗಳು ಮಾರಾಟವಾಗದೆ ಉಳಿದವು. 1983ರಲ್ಲಿ ಅಮೆರಿಕದ ಈ ಇಡೀ ಉದ್ಯಮವೇ ಕುಸಿಯಿತು. ಮರುವರ್ಷ ವಾರ್ನರ್ ಅಟಾರಿಯ ಮನೆಬಳಕೆಯ ವಿಭಾಗವನ್ನು ಮಾರಿ ಕೈತೊಳೆದುಕೊಂಡಿತು. ಇಷ್ಟೆಲ್ಲದರ ಪಾಪವನ್ನು ಬಹಳ ಕಾಲ ಜನ ಹೊರಿಸಿದ್ದು ಐದು ವಾರ ನಿದ್ದೆಗೆಟ್ಟ ಆ ಒಬ್ಬ ಮನುಷ್ಯನ ಮೇಲೆ.

ಉಳಿದ ಮಾಲನ್ನು ಅಟಾರಿ 1983ರ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತಿತ್ತು. 2014ರ ಏಪ್ರಿಲ್‌ನಲ್ಲಿ ಅದನ್ನು ಅಗೆದಾಗ ದೂಳಿನ ಗಾಳಿಯ ನಡುವೆ ವಾರ್ಷಾ ಕೂಡ ಅಲ್ಲಿ ನಿಂತಿದ್ದರು. ಅಷ್ಟರಲ್ಲಿ ಅವರು ಮನೋಚಿಕಿತ್ಸಕರಾಗಿದ್ದರು. ಮಣ್ಣಿನಿಂದ ಮೇಲೆ ಬಂದ ಕಾರ್ಟ್ರಿಜ್‌ಗಳಲ್ಲಿ 'ಇ.ಟಿ.'ಯೂ ಇತ್ತು. ಆ ಆಟದೊಳಗೆ ಅವರೂ ತಮ್ಮ ಹೆಸರಿನ ಮೊದಲಕ್ಷರಗಳನ್ನು ಬಚ್ಚಿಟ್ಟಿದ್ದರು.