ಒಂದೂವರೆ ವರ್ಷದ ಸೂಜಿ: ಗಂಟಲುಮಾರಿ, ದಡಾರ ಮತ್ತು ಹೊಳಲ್ಕೆರೆ ಸೀಮೆಯ ಮಕ್ಕಳು

ಡಿಫ್ತೀರಿಯಾಕ್ಕೆ ಕನ್ನಡದಲ್ಲಿ ಗಂಟಲುಮಾರಿ ಎಂಬ ಹೆಸರಿದೆ. ಮಕ್ಕಳನ್ನು ಒಯ್ಯುವ ಮಾರಿ ಗಂಟಲಲ್ಲೇ ಬಂದು ಕೂತಳು ಎಂದು ಕಂಡುಂಡವರು ಇಟ್ಟ ಹೆಸರು. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತದೆ. ಉಸಿರು ಉಳಿದರೂ ರೋಗಾಣುವಿನ ವಿಷ ಹೃದಯಕ್ಕೆ ಇಳಿಯಬಹುದು. 1978ರಲ್ಲಿ ಆರಂಭವಾದ ಲಸಿಕಾ ಕಾರ್ಯಕ್ರಮ 1985ರಿಂದ ಸಾರ್ವತ್ರಿಕವಾದ ಮೇಲೆ ಈ ಹೆಸರು ಮನೆಮಾತಿನಿಂದ ಮರೆಯಾಗತೊಡಗಿತು. ಆದರೆ 2018ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಮಾಡಿದ ಡಿಫ್ತೀರಿಯಾ ಪ್ರಕರಣಗಳು 8,788. ನಮ್ಮಲ್ಲೂ ವಿಜಯಪುರ ಮೊದಲಾದ ಉತ್ತರದ ಜಿಲ್ಲೆಗಳಿಂದ ರೋಗ ಮರಳಿದ ವರದಿಗಳು ಬಂದಿವೆ. ದೇಶದ ಪ್ರಕರಣಗಳಲ್ಲಿ ಎದ್ದು ಕಾಣುವುದು ರೋಗಿಗಳ ವಯಸ್ಸು. ಪುಟ್ಟ ಮಕ್ಕಳ ರೋಗವಾಗಿದ್ದದ್ದು ಈಗ ಹೆಚ್ಚಾಗಿ ಶಾಲೆಗೆ ಹೋಗುವ ಮಕ್ಕಳನ್ನು ಹಿಡಿಯುತ್ತಿದೆ.

ಏಕೆ ಎಂಬುದಕ್ಕೆ ನಮ್ಮ ಲೆಕ್ಕದ ಪುಸ್ತಕದಲ್ಲೇ ಸುಳಿವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 12–23 ತಿಂಗಳ ಮಕ್ಕಳಲ್ಲಿ ‘ಪೂರ್ಣ ಲಸಿಕೆ’ ಪಡೆದವರು 2015–16ರಲ್ಲಿ ಶೇ. 62.6, 2019–21ರಲ್ಲಿ ಶೇ. 84.1. ಏರಿಕೆ ನಿಜ, ಅದರ ಹಿಂದೆ ಆಶಾ ಕಾರ್ಯಕರ್ತೆಯರು ಸವೆಸಿದ ಚಪ್ಪಲಿಗಳಿವೆ. ಆದರೆ ‘ಪೂರ್ಣ’ ಎಂಬ ಮಾತು ದಾರಿ ತಪ್ಪಿಸುತ್ತದೆ. ಬಿಸಿಜಿಯ ಒಂದು ಡೋಸ್, ಪೋಲಿಯೊ ಮತ್ತು ಗಂಟಲುಮಾರಿಯ ಲಸಿಕೆಯೂ ಸೇರಿರುವ ಡಿಪಿಟಿಯ ತಲಾ ಮೂರು ಡೋಸ್, ದಡಾರದ ಒಂದು ಡೋಸ್ ಆದರೆ ಸಮೀಕ್ಷೆಯ ಕಣ್ಣಲ್ಲಿ ಮಗು ಪೂರ್ಣ. 16–24 ತಿಂಗಳ ಡಿಪಿಟಿ ಬೂಸ್ಟರ್, ಅದೇ ವೇಳೆಯ ದಡಾರ-ರುಬೆಲ್ಲಾದ ಎರಡನೆಯ ಡೋಸ್, 5–6 ವರ್ಷದ ಡಿಪಿಟಿ, 10 ಮತ್ತು 16ರ ಟಿಡಿ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಡಿಫ್ತೀರಿಯಾ ಲಸಿಕೆಯ ಸ್ವಭಾವವೇ ಈ ಬೂಸ್ಟರ್‌ಗಳನ್ನು ಬೇಡುತ್ತದೆ. ಅದು ಸೌಮ್ಯಗೊಳಿಸಿದ ವಿಷ. ರೋಗಾಣು ಗಂಟಲಿಗೆ ಬರದಂತೆ ತಡೆಯುವುದಕ್ಕಿಂತ, ಬಂದ ರೋಗಾಣುವಿನ ವಿಷವನ್ನು ಎದುರಿಸಲು ದೇಹಕ್ಕೆ ಕಲಿಸುತ್ತದೆ. ಈ ಕಲಿಕೆ ವರ್ಷ ಕಳೆದಂತೆ ಮಾಸುತ್ತದೆ. ಆರೋಗ್ಯವಾಗಿ ಓಡಾಡುವ ಒಬ್ಬರ ಗಂಟಲಲ್ಲಿ ರೋಗಾಣು ಇದ್ದು, ಬೂಸ್ಟರ್ ತಪ್ಪಿದ ಮಗುವಿಗೆ ದಾಟಬಹುದು. ಜೊತೆಗೆ, ಬಹುಕಾಲ 10 ಮತ್ತು 16ರ ವಯಸ್ಸಿನಲ್ಲಿ ಕೊಟ್ಟದ್ದು ಧನುರ್ವಾಯುವಿನ ಟಿಟಿ ಮಾತ್ರ. ಡಿಫ್ತೀರಿಯಾ ಅಂಶವೂ ಇರುವ ಟಿಡಿ ಇತ್ತೀಚಿನದು. ಹೀಗಾಗಿ ಇಂದಿನ ಎಷ್ಟೋ ತಾಯಂದಿರಿಗೇ ಆ ರಕ್ಷಣೆ ತೆಳುವಾಗಿದೆ. ರೋಗ ಬಂದ ಮೇಲೆ ಬೇಕಾಗುವ ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಜೀವಕೋಶದೊಳಗೆ ಸೇರಿಬಿಟ್ಟ ವಿಷವನ್ನು ಅದು ಮುಟ್ಟಲಾರದು, ಆದ್ದರಿಂದ ಗಂಟೆಗಳ ಲೆಕ್ಕ. ಹೊಳಲ್ಕೆರೆಯ ಹಳ್ಳಿಯಿಂದ ಚಿತ್ರದುರ್ಗಕ್ಕೋ ದಾವಣಗೆರೆಗೋ ಮಗುವನ್ನು ಹೊತ್ತು ಓಡುವವರಿಗೆ ಆ ಗಂಟೆಗಳು ರಸ್ತೆಯಲ್ಲೇ ಕಳೆಯುತ್ತವೆ.

ದಡಾರದ ಕಥೆ ಬೇರೆ. ಮೈಮೇಲೆ ಗಂಧೆ ಎದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು, ಮನೆಗೆ ಹೊರಗಿನವರು ಬರುವಂತಿಲ್ಲ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಮಗುವನ್ನು ಬೇರೆ ಇರಿಸುವ ಆ ಕ್ರಮದಲ್ಲಿ ಅನುಭವದ ವಿವೇಕವಿದೆ. ಆದರೆ ದಡಾರ ಗಂಧೆ ಏಳುವುದಕ್ಕೆ ನಾಲ್ಕು ದಿನ ಮೊದಲೇ ಹರಡಲು ತೊಡಗಿರುತ್ತದೆ. ಬೇವು ಕಟ್ಟುವ ಹೊತ್ತಿಗೆ ಅಂಗನವಾಡಿಯ ಮಕ್ಕಳಿಗೆ ಸೋಂಕು ತಗುಲಿಯಾಗಿರಬಹುದು. ಅಮ್ಮ ಬಂದ ಮನೆಯವರು ಆಸ್ಪತ್ರೆಗೆ ಹೋಗದಿದ್ದರೆ ಮಗುವಿಗೆ ಸಿಗಬೇಕಾದ ‘ಎ’ ಜೀವಸತ್ವ ತಪ್ಪುತ್ತದೆ, ಪ್ರಕರಣವೂ ದಾಖಲಾಗುವುದಿಲ್ಲ. ಲಸಿಕೆ ಇಲ್ಲದ ಸಮುದಾಯದಲ್ಲಿ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹರಡಬಲ್ಲ ಈ ರೋಗವನ್ನು ತಡೆಯಲು ಶೇ. 95 ಮಕ್ಕಳಿಗೆ ಎರಡು ಡೋಸ್ ಆಗಿರಬೇಕು. ನೆದರ್ಲೆಂಡ್ಸ್‌ನ 77 ಮಕ್ಕಳ ಮೇಲಿನ, 2019ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು: ಬೇರೆ ರೋಗಗಳ ವಿರುದ್ಧ ಮೊದಲೇ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟನ್ನು ದಡಾರ ಅಳಿಸಿಹಾಕಿತ್ತು.

2017ರ ಫೆಬ್ರವರಿಯ ದಡಾರ-ರುಬೆಲ್ಲಾ ಅಭಿಯಾನದಲ್ಲಿ ವಾಟ್ಸ್ಆ್ಯಪ್ ವದಂತಿಗಳಿಗೆ ಹೆದರಿ ಮಕ್ಕಳಿಗೆ ಸೂಜಿ ಬೇಡವೆಂದ ಪೋಷಕರಿದ್ದರು. ಆದರೂ ಅಡಿಕೆ, ಮೆಕ್ಕೆಜೋಳದ ಹೊಳಲ್ಕೆರೆ ತಾಲ್ಲೂಕಿನಲ್ಲಿ ನಿರಾಕರಣೆಗಿಂತ ಗೈರುಹಾಜರಿಯೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಮಳೆಯಾಶ್ರಿತ ಬೆಳೆ ಮುಗಿದ ಮೇಲೆ ತಾಂಡಾಗಳಿಂದ ಮಲೆನಾಡಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವ ಕುಟುಂಬಗಳಿವೆ, ಮಕ್ಕಳೂ ಜೊತೆಗೆ. ಮಕ್ಕಳ ಲಸಿಕೆಗಳನ್ನು ಬರೆದಿಡುವ ‘ತಾಯಿ ಕಾರ್ಡ್’ ಊರಿನ ಟ್ರಂಕಿನಲ್ಲಿ ಉಳಿದರೆ ತೋಟದ ಹತ್ತಿರದ ಉಪಕೇಂದ್ರದವರಿಗೆ ಯಾವ ಡೋಸ್ ಬಾಕಿಯೆಂದು ತಿಳಿಯುವುದು ಕಷ್ಟ. ಇನ್ನು ಒಂದನೇ ತರಗತಿಗೆ ಸೇರಿಸುವಾಗ ಜನನ ಪ್ರಮಾಣಪತ್ರದ ಜೊತೆ ಈ ಕಾರ್ಡನ್ನೂ ಶಿಕ್ಷಕರು ನೋಡಬೇಕು. ಅದು ಪ್ರವೇಶಕ್ಕೆ ಷರತ್ತಾಗಕೂಡದು. ಬಾಕಿ ಡೋಸ್ ಕಂಡರೆ ಆರೋಗ್ಯ ಸಹಾಯಕಿಗೆ ಹೆಸರು ಮುಟ್ಟಿಸಿದರೆ ಸಾಕು.

ಹೀಗೆ ಕೂಲಿಗೆ ಹೋಗುವ ಕುಟುಂಬದವರ, ಆಗಸ್ಟ್‌ನಲ್ಲಿ ಹುಟ್ಟಿದ ಮಗುವಿಗೆ 16 ತಿಂಗಳು ತುಂಬುವುದು ಮರುವರ್ಷದ ಡಿಸೆಂಬರ್‌ನಲ್ಲಿ, ಅಂದರೆ ಕಾಫಿ ಕೊಯ್ಲಿನ ನಡುವೆ. ಅವರು ಯುಗಾದಿ ಹೊತ್ತಿಗೆ ಮರಳಿದರೆ ಮಗುವಿಗೆ ಇಪ್ಪತ್ತು ತಿಂಗಳ ಆಸುಪಾಸು. ಬೂಸ್ಟರ್‌ನ ನಿಗದಿತ ಅವಧಿ ಮುಗಿಯಲು ಆಗ ಇನ್ನೂ ನಾಲ್ಕು ತಿಂಗಳಿರುತ್ತದೆ.